ಪಿಂಡ ಇಟ್ಟರೆ ಬದುವಿನ ಲೆಕ್ಕ ತೀರುತ್ತದೆಯೇ?

ಪ್ರಶ್ನೆ: ನಾನು ಪಾಂಡವಪುರ ತಾಲ್ಲೂಕಿನ ಹಳ್ಳಿಯವಳು, ಮೈಸೂರಿನಲ್ಲಿ ಕೆಲಸದಲ್ಲಿದ್ದೇನೆ. ನಮ್ಮ ಅಜ್ಜಿ (ಅಪ್ಪನ ತಾಯಿ) ಡೈರಿಗೆ ಹಾಕುವ ಹಾಲಿಗೆ ಒಂದು ಹನಿ ನೀರು ಬೆರೆಸಿದವರಲ್ಲ. ಕೇಳಿದರೆ "ಅಲ್ಲಿ ಹೋಗಿ ಏನು ಹೇಳಲಿ" ಎನ್ನುತ್ತಾರೆ. ನನ್ನ ತಮ್ಮ ಸ್ವರ್ಗ ನರಕ ಯಾವುದನ್ನೂ ನಂಬುವುದಿಲ್ಲ, ಅವನೂ ಅಷ್ಟೇ ನಿಯತ್ತಿನವನು. ದೊಡ್ಡಪ್ಪ ಎಲ್ಲವನ್ನೂ ನಂಬುತ್ತಾರೆ, ಪ್ರತಿ ಮಹಾಲಯ ಅಮಾವಾಸ್ಯೆಗೆ ಶ್ರೀರಂಗಪಟ್ಟಣದ ಬಳಿಯ ಪಶ್ಚಿಮವಾಹಿನಿಯಲ್ಲಿ ಪಿಂಡ ಇಡುತ್ತಾರೆ. ನಮ್ಮಪ್ಪನ ಜಮೀನಿನ ಬದು ಒತ್ತಿಕೊಂಡವರೂ ಅವರೇ. ಹಾಗಾದರೆ ಸತ್ತ ಮೇಲೆ ಏನೋ ಇದೆ ಎಂಬ ನಂಬಿಕೆ ಮನುಷ್ಯನನ್ನು ಒಳ್ಳೆಯವನನ್ನಾಗಿ ಮಾಡುತ್ತದೆಯೇ? ಬೇರೆ ಧರ್ಮಗಳಲ್ಲಿ ಹೇಗೆ?

ಉತ್ತರ: ಮಾನಸಗಂಗೋತ್ರಿಯಲ್ಲಿ ತತ್ತ್ವಶಾಸ್ತ್ರ ಪಾಠ ಮಾಡುತ್ತಿದ್ದಾಗ ಪ್ರತಿ ವರ್ಷ ಹೊಸ ತರಗತಿಗೆ ನಾನೂ ಇದೇ ಪ್ರಶ್ನೆ ಹಾಕುತ್ತಿದ್ದೆ. ಹೆಚ್ಚಿನವರು ಹೇಳುತ್ತಿದ್ದ ಉತ್ತರ ಒಂದೇ: ಭಯ ಇರುವ ಕಡೆ ನೀತಿ ಇರುತ್ತದೆ. ಮೊದಮೊದಲು ನನಗೂ ಹಾಗೇ ಅನ್ನಿಸುತ್ತಿತ್ತು. ಈಗ ಅನ್ನಿಸುವುದಿಲ್ಲ. ನಿಮ್ಮ ಮನೆಯ ಮೂವರನ್ನೇ ನೋಡಿ: ಅಜ್ಜಿಗೂ ದೊಡ್ಡಪ್ಪನಿಗೂ ಇರುವುದು ಒಂದೇ ಯಮಲೋಕ. ಒಬ್ಬರ ಕೈಯನ್ನು ಅದು ಹಾಲಿನ ಕ್ಯಾನಿನ ಮುಂದೆ ತಡೆಯಿತು, ಇನ್ನೊಬ್ಬರ ಗುದ್ದಲಿಯನ್ನು ಬದುವಿನ ಮೇಲೆ ತಡೆಯಲಿಲ್ಲ. ಆದ್ದರಿಂದ ನಂಬಿಕೆ ಇದೆಯೋ ಇಲ್ಲವೋ ಎಂದು ಕೇಳಿದರೆ ಸಾಲದು. ಮಾಡಿದ ತಪ್ಪಿನ ಲೆಕ್ಕವನ್ನು ಯಾರ ಹತ್ತಿರ ಹೋಗಿ ತೀರಿಸಬೇಕು ಎಂದು ಆ ನಂಬಿಕೆ ಹೇಳಿಕೊಟ್ಟಿದೆ? ನನ್ನ ಅನುಭವದಲ್ಲಿ ಎಲ್ಲವೂ ನಿಂತಿರುವುದು ಅದರ ಮೇಲೆ.

ನೀವು ಜಮೀನಿನ ವಿಷಯ ಎತ್ತಿರುವುದರಿಂದ ಜಮೀನಿನಿಂದಲೇ ಆರಂಭಿಸುತ್ತೇನೆ. ಮಂಡ್ಯ ಮೈಸೂರು ಕಡೆ ಯಾವ ಹಳೆಯ ಗುಡಿಯ ಅಂಗಳದಲ್ಲಿ ದಾನಶಾಸನ ನೋಡಿದರೂ ಕೊನೆಯಲ್ಲಿ ಸಾಮಾನ್ಯವಾಗಿ ಒಂದು ಸಂಸ್ಕೃತ ಶ್ಲೋಕ ಇರುತ್ತದೆ: "ಸ್ವದತ್ತಾಂ ಪರದತ್ತಾಂ ವಾ ಯೋ ಹರೇತ ವಸುಂಧರಾಂ, ಷಷ್ಟಿರ್ವರ್ಷಸಹಸ್ರಾಣಿ ವಿಷ್ಠಾಯಾಂ ಜಾಯತೇ ಕ್ರಿಮಿಃ." ತಾನು ಕೊಟ್ಟದ್ದಾಗಲಿ, ಬೇರೆಯವರು ಕೊಟ್ಟದ್ದಾಗಲಿ, ದಾನದ ಭೂಮಿಯನ್ನು ಕಿತ್ತುಕೊಂಡವನು 60,000 ವರ್ಷ ಅಮೇಧ್ಯದ ಹುಳುವಾಗಿ ಹುಟ್ಟುತ್ತಾನೆ. ಕೆಲವು ಶಾಸನಗಳು ಇದರ ಜೊತೆಗೆ ಗಂಗೆಯ ತಡಿಯಲ್ಲಿ ಕವಿಲೆಯನ್ನು ಕೊಂದ ಪಾಪವನ್ನೂ ಸೇರಿಸುತ್ತವೆ. ಸರ್ವೆ ಇಲಾಖೆ ಇಲ್ಲದ ಕಾಲ. ದಾನ ಕೊಟ್ಟ ಅರಸ ನಾಳೆ ಸಾಯುತ್ತಾನೆ, ಅವನ ವಂಶವೂ ಮುಗಿಯಬಹುದು. ಆಗ ಆ ಗದ್ದೆಯನ್ನು ಕಾಯುವವರು ಯಾರು? ಕಲ್ಲಿನ ಮೇಲೆ ಕೆತ್ತಿದ ಆ ಹುಳು. ಪರಲೋಕವನ್ನು ಕಾವಲಿಗೆ ನಿಲ್ಲಿಸುವ ಪದ್ಧತಿ ನಮ್ಮಲ್ಲಿ ಅಷ್ಟು ಹಳೆಯದು. ಆದರೆ ಒಂದು ಶಾಪವನ್ನು ನೂರಾರು ವರ್ಷ, ಸಾವಿರಾರು ಕಲ್ಲುಗಳ ಮೇಲೆ ಮತ್ತೆ ಮತ್ತೆ ಕೆತ್ತಬೇಕಾಗಿ ಬಂತು ಎಂದರೆ, ಹುಳುವಿಗೆ ಹೆದರದೆ ಒತ್ತುವರಿ ಮಾಡಿದವರೂ ಪ್ರತಿ ತಲೆಮಾರಿನಲ್ಲಿ ಇದ್ದರು ಎಂದೇ ನಾನು ಓದುತ್ತೇನೆ.

ನಿಮ್ಮದೇ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲೊಂದು ನನಗೆ ಬಹಳ ಪ್ರಿಯ. ಕ್ರಿ.ಶ. 949-50ರದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಅರಸ ಬೂತುಗನ ಕಡೆಯ ವೀರ ಮಣಲೇರ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿ, ಬಹುಮಾನವಾಗಿ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಆ ಕಾಳಿ ಕಾಡುಹಂದಿಯೊಂದಿಗೆ ಹೋರಾಡಿ, ಹಂದಿಯೂ ನಾಯಿಯೂ ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿದರು, ಪೂಜೆಗೆ ಭೂಮಿ ಬಿಟ್ಟರು, ಈ ಕಲ್ಲನ್ನು ಪೂಜಿಸದೆ ಊಟ ಮಾಡುವ ಗೊರವನಿಗೆ (ಶೈವ ಪೂಜಾರಿಗೆ) ಆ ನಾಯಿ ಮಾಡಿದ ಪಾಪ ತಗಲುತ್ತದೆ ಎಂದೂ ಬರೆಸಿದರು. ಮನುಷ್ಯ ತನ್ನ ನಾಯಿಗೆ ಪಟ್ಟ ಋಣವನ್ನು ಮುಂದಿನವರೂ ಮರೆಯದಿರಲಿ ಎಂದು ಪಾಪಭಯವನ್ನು ಬಳಸಿದ ಈ ಬಗೆ ನನ್ನ ಮನಸ್ಸನ್ನು ಕರಗಿಸುತ್ತದೆ.

ಆದರೆ ಅದೇ ಕಲ್ಲುಗಳ ಸಾಲಿನಲ್ಲಿ ಬೇರೆಯವೂ ನಿಂತಿವೆ. ವೀರಗಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ಅಪ್ಸರೆಯರು ಅವನನ್ನು ಕರೆದೊಯ್ಯುವ ದೃಶ್ಯ, ಮೇಲೆ ಶಿವಲಿಂಗದ ಎದುರು ಕುಳಿತ ವೀರ. "ಜಿತೇನ ಲಭ್ಯತೇ ಲಕ್ಷ್ಮೀಃ ಮೃತೇನಾಪಿ ಸುರಾಂಗನಾ": ಗೆದ್ದರೆ ಸಿರಿ, ಸತ್ತರೆ ದೇವಕನ್ನಿಕೆ. ಊರಿನ ದನಗಳನ್ನು ಕಳ್ಳರಿಂದ ಬಿಡಿಸಲು ಹೋಗಿ ಸತ್ತ ಹುಡುಗನಿಗೂ ಈ ಸ್ವರ್ಗ, ದನ ಹೊಡೆಯಲು ದಂಡು ಕಟ್ಟಿ ಬಂದ ಕಡೆಯವನಿಗೂ ಅದೇ ಸ್ವರ್ಗ. ಪಕ್ಕದಲ್ಲಿ ಮಾಸ್ತಿಕಲ್ಲು. ಕಂಬದಿಂದ ಹೊರಚಾಚಿ ಮೇಲೆತ್ತಿದ ಒಂದು ತೋಳು, ತೋಳಿನ ತುಂಬ ಬಳೆ. ಗಂಡನ ಚಿತೆ ಏರಿದವಳಿಗೆ ಸ್ವರ್ಗ ಎಂದು ಹೇಳಿ ಬೆಂಕಿಗೆ ಕಳುಹಿಸಿದ ಹೆಣ್ಣುಮಕ್ಕಳ ಕೈ ಅದು. ಪರಲೋಕದ ನಂಬಿಕೆ ಒಳ್ಳೆಯದನ್ನು ಮಾತ್ರ ಮಾಡಿಸುತ್ತದೆ ಎಂದು ಯಾರಾದರೂ ಹೇಳಿದರೆ ನನಗೆ ಆ ಬಳೆಗಳೇ ಕಣ್ಣಿಗೆ ಬರುತ್ತವೆ.

ಇನ್ನೊಂದು ವಿಷಯ. ಪರಲೋಕಕ್ಕೂ ನೀತಿಗೂ ಹುಟ್ಟಿನಿಂದ ಬಂದ ನಂಟೇನೂ ಇಲ್ಲ. ಋಗ್ವೇದದ ಯಮ ದಂಡ ಹಿಡಿದು ನಿಂತ ನ್ಯಾಯಾಧೀಶನಲ್ಲ, ಎಲ್ಲರಿಗಿಂತ ಮೊದಲು ಸತ್ತು ದಾರಿ ಕಂಡುಕೊಂಡವನು, ಪಿತೃಗಳ ಒಡೆಯ. ಗ್ರೀಕರ ಹಳೆಯ ಕಾವ್ಯದಲ್ಲಿ ಬಹುಪಾಲು ಎಲ್ಲರೂ ಹೋಗುವುದು ಅದೇ ಮಬ್ಬುಲೋಕಕ್ಕೆ. ಸತ್ತವರಿಗೆಲ್ಲ ಅರಸನಾಗುವುದಕ್ಕಿಂತ ಬದುಕಿದ್ದು ಬಡ ರೈತನ ಮನೆಯ ಕೂಲಿಯಾಳಾಗಿರುವುದೇ ಮೇಲು ಎಂದು ಮಹಾವೀರ ಅಕಿಲೀಸನೇ ಅಲ್ಲಿ ನೊಂದು ನುಡಿಯುತ್ತಾನೆ. ಹೀಬ್ರೂ ಜನರ ಹಳೆಯ ಶಿಯೋಲ್, ಅಂದರೆ ಸತ್ತವರ ಲೋಕ, ಕೂಡ ಹೀಗೆಯೇ. ಸತ್ತ ಮೇಲಿನ ಗತಿಯನ್ನು ನಡತೆಗೆ ಗಂಟು ಹಾಕಿದ್ದು ಆಮೇಲಿನ ಆಲೋಚನೆ. ನಮ್ಮಲ್ಲಿ ಅದು ಹುಟ್ಟಿದ ಗಳಿಗೆಯೊಂದು ಬೃಹದಾರಣ್ಯಕ ಉಪನಿಷತ್ತಿನಲ್ಲಿ ದಾಖಲಾಗಿದೆ. ಸತ್ತ ಮೇಲೆ ಮನುಷ್ಯನಲ್ಲಿ ಉಳಿಯುವುದೇನು ಎಂದು ಆರ್ತಭಾಗ ತುಂಬಿದ ಸಭೆಯಲ್ಲಿ ಕೇಳುತ್ತಾನೆ. ಯಾಜ್ಞವಲ್ಕ್ಯ, ಇದು ಜನರ ನಡುವೆ ಆಡುವ ಮಾತಲ್ಲ ಎಂದು ಅವನ ಕೈ ಹಿಡಿದು ಪಕ್ಕಕ್ಕೆ ಕರೆದೊಯ್ಯುತ್ತಾನೆ. ಅವರಿಬ್ಬರು ಮಾತಾಡಿದ್ದು ಕರ್ಮದ ಬಗ್ಗೆ: ಒಳ್ಳೆಯ ಕೆಲಸದಿಂದ ಒಳ್ಳೆಯವನಾಗುತ್ತಾನೆ, ಕೆಟ್ಟದ್ದರಿಂದ ಕೆಟ್ಟವನು.

ಇನ್ನು ಸಂಶೋಧನೆಗಳು. ನಿಮ್ಮ ತಮ್ಮ ಬಹುಶಃ ಕೇಳುವುದು ಅದನ್ನೇ. 2012ರಲ್ಲಿ ಅಜೀಮ್ ಶರೀಫ್ ಮತ್ತು ಮಿಜ್ಕೆ ರೆಮ್ತುಲ್ಲಾ 67 ದೇಶಗಳ ಅಂಕಿಅಂಶಗಳನ್ನು ಜೋಡಿಸಿ ನೋಡಿದರು. ನರಕವನ್ನು ನಂಬುವವರು ಹೆಚ್ಚಿರುವ ಕಡೆ ಅಪರಾಧ ಕಡಿಮೆ, ಸ್ವರ್ಗವನ್ನು ನಂಬುವವರು ಹೆಚ್ಚಿರುವ ಕಡೆ ಅಪರಾಧ ಹೆಚ್ಚು. ಕ್ಷಮೆಗಿಂತ ಶಿಕ್ಷೆ ಕೈ ಕಟ್ಟುತ್ತದೆ ಎಂದು ಇದನ್ನು ಓದಬಹುದು. ಆದರೆ ಇದು ದೇಶದೇಶಗಳ ಹೋಲಿಕೆ. ಯಾವುದು ಕಾರಣ, ಯಾವುದು ಪರಿಣಾಮ ಎಂದು ಅದರಿಂದ ತೀರ್ಮಾನಿಸಲಾಗದು.

ನನಗೆ ಹೆಚ್ಚು ಹಿಡಿಸಿದ್ದು 2016ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ. ಫಿಜಿ, ವನುವಾಟು, ಸೈಬೀರಿಯಾ, ಮಾರಿಷಸ್, ಬ್ರೆಜಿಲ್, ತಾಂಜಾನಿಯ ಹೀಗೆ ಹಲವು ಕಡೆಯ ಎಂಟು ಸಮುದಾಯಗಳ 591 ಜನರನ್ನು ಒಬ್ಬೊಬ್ಬರಾಗಿ ಕೂರಿಸಿ, 30 ನಾಣ್ಯ, ಎರಡು ಬಟ್ಟಲು, ಒಂದು ದಾಳ ಕೊಟ್ಟರು. ಒಂದು ಬಟ್ಟಲಿನ ದುಡ್ಡು ತನಗೆ ಅಥವಾ ತನ್ನ ಊರಿನವರಿಗೆ, ಇನ್ನೊಂದರದ್ದು ದೂರದ ಊರಿನ ಅಪರಿಚಿತನಿಗೆ. ಯಾವ ಬಟ್ಟಲು ಎಂದು ಮನಸ್ಸಿನಲ್ಲೇ ಆರಿಸಿಕೊಂಡು ದಾಳ ಹಾಕಬೇಕು. ದಾಳ ಒಂದು ಬಣ್ಣ ತೋರಿದರೆ ನೆನೆದ ಬಟ್ಟಲಿಗೆ, ಇನ್ನೊಂದು ಬಣ್ಣ ತೋರಿದರೆ ಮತ್ತೊಂದಕ್ಕೆ. ಮೋಸ ಮಾಡಿದರೆ ಹಿಡಿಯುವವರು ಯಾರೂ ಇಲ್ಲ. ತಮ್ಮ ದೇವರು ಎಲ್ಲವನ್ನೂ ಬಲ್ಲವನು, ತಪ್ಪಿಗೆ ಶಿಕ್ಷಿಸುವವನು ಎಂದು ಹೆಚ್ಚು ಗಟ್ಟಿಯಾಗಿ ಹೇಳಿದವರು ದೂರದವನ ಬಟ್ಟಲಿಗೆ ಹೆಚ್ಚು ನ್ಯಾಯ ಮಾಡಿದ್ದರು. ಆದರೆ ಆ ದೂರದವನು ಅದೇ ದೇವರನ್ನು ನಂಬುವವನೇ ಆಗಿದ್ದ, ಇದನ್ನು ಮರೆಯಬಾರದು.

ಮನುಷ್ಯನ ಮನಸ್ಸು ಎಷ್ಟು ಸುಲಭವಾಗಿ ಜಾರುತ್ತದೆ ಎನ್ನುವುದಕ್ಕೆ 1973ರ ಪ್ರಿನ್ಸ್‌ಟನ್ ಪ್ರಯೋಗವನ್ನು ನಾನು ತರಗತಿಯಲ್ಲಿ ಎಂದೂ ಬಿಟ್ಟಿದ್ದಿಲ್ಲ. ಪಾದ್ರಿಗಳಾಗಲು ಓದುತ್ತಿದ್ದ 40 ವಿದ್ಯಾರ್ಥಿಗಳನ್ನು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಭಾಷಣಕ್ಕೆಂದು ಕಳುಹಿಸಿದರು. ದಾರಿಯಲ್ಲಿ ಒಬ್ಬ ಕುಸಿದು ಕುಳಿತು ಕೆಮ್ಮುತ್ತಿದ್ದ. ತಡವಾಗಿದೆ ಎಂದು ಅವಸರ ಮಾಡಿದವರಲ್ಲಿ ನಿಂತು ವಿಚಾರಿಸಿದವರು ನೂರಕ್ಕೆ 10. ಸಮಯ ಇದೆ ಎಂದು ತಿಳಿದಿದ್ದವರಲ್ಲಿ 63. ಅವರಲ್ಲಿ ಕೆಲವರು ಮಾತಾಡಬೇಕಿದ್ದದ್ದು ದಾರಿಯಲ್ಲಿ ಬಿದ್ದವನನ್ನು ಎತ್ತಿದ ಒಳ್ಳೆಯ ಸಮಾರ್ಯದವನ ಕಥೆಯ ಮೇಲೆಯೇ. ಅದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ.

ನನ್ನ ಅಭಿಪ್ರಾಯ ಬದಲಾದದ್ದು ಮಾತ್ರ ಇಂಥ ಯಾವ ಅಧ್ಯಯನದಿಂದಲೂ ಅಲ್ಲ, ಒಂದು ಸಾವಿನ ಮನೆಯಿಂದ. ಮೈಸೂರಿನಲ್ಲಿ ನಮ್ಮ ಬೀದಿಯ ಕೊನೆಯಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ ಮುಸ್ಲಿಂ ಹಿರಿಯರೊಬ್ಬರು ತೀರಿಕೊಂಡರು. ನನ್ನ ಮಕ್ಕಳ ಸೈಕಲ್‌ಗಳಿಗೆಲ್ಲ ಪಂಕ್ಚರ್ ಹಾಕಿದವರು. ಜನಾಜ ನಮಾಜಿಗೆ ಮುನ್ನ, ಸಾಲುಗಳು ನಿಂತ ಮೇಲೆ, ಅವರ ದೊಡ್ಡ ಮಗ ಮುಂದೆ ಬಂದು ಗಟ್ಟಿಯಾಗಿ ಹೇಳಿದ: ನಮ್ಮ ತಂದೆ ಯಾರಿಗಾದರೂ ಬಾಕಿ ಕೊಡಬೇಕಿದ್ದರೆ ನನ್ನನ್ನು ಕೇಳಿ, ನಾನು ಕೊಡುತ್ತೇನೆ; ಯಾರ ಮನಸ್ಸನ್ನಾದರೂ ನೋಯಿಸಿದ್ದರೆ ದಯವಿಟ್ಟು ಮಾಫ್ ಮಾಡಿ. ಹಿಂದಿನಿಂದ ಬಿಡಿಭಾಗ ಮಾರುವವರೊಬ್ಬರು ಬಂದು ಟ್ಯೂಬುಗಳ ಬಾಕಿ 640 ರೂಪಾಯಿ ಎಂದು ತಗ್ಗಿದ ದನಿಯಲ್ಲಿ ಹೇಳಿದರು. ಮಗ ಶರ್ಟಿನ ಜೇಬಿಗೆ ಕೈ ಹಾಕಿದ. ಅವರು ಅವನ ಕೈಯನ್ನು ಹಿಡಿದು ಹಾಗೇ ಜೇಬಿಗೆ ಒತ್ತಿದರು, ಬಿಟ್ಟೆ ಎಂದರು, ಸಾಲಿಗೆ ಹೋಗಿ ನಿಂತರು. ದೂರದಲ್ಲಿ ಚಪ್ಪಲಿ ಬಿಟ್ಟು ನಿಂತಿದ್ದ ನನಗೆ ಗಂಟಲು ಕಟ್ಟಿತು.

ಇದರ ಹಿಂದಿರುವ ನಂಬಿಕೆ ಬಹಳ ಸ್ಪಷ್ಟ. ದೇವರಿಗೆ ಸಲ್ಲಬೇಕಾದದ್ದರಲ್ಲಿ ತಪ್ಪಿದರೆ ದೇವರು ಕ್ಷಮಿಸಬಹುದು. ಮನುಷ್ಯನಿಗೆ ಮಾಡಿದ ಅನ್ಯಾಯವನ್ನು ಆ ಮನುಷ್ಯ ಕ್ಷಮಿಸಬೇಕು. ಹುತಾತ್ಮನ ಪಾಪಗಳೆಲ್ಲ ಮನ್ನಾ ಆದರೂ ಸಾಲ ಮನ್ನಾ ಆಗುವುದಿಲ್ಲ ಎಂಬ ಹದೀಸ್ (ಪ್ರವಾದಿಯವರ ಮಾತು) ಇದೆ. ಎಲ್ಲರ ಲೆಕ್ಕ ನೋಡುವ ಕಯಾಮತ್ತಿನ ದಿನ ಎಷ್ಟು ದೂರದಲ್ಲಿದೆಯೋ ಯಾರಿಗೂ ತಿಳಿಯದು. ಆದರೆ ಆ ದಿನದ ಭಯ ಒಬ್ಬ ಮಗನನ್ನು ತಂದೆಯ ಶವದ ಪಕ್ಕದಲ್ಲಿ ನಿಂತು 640 ರೂಪಾಯಿಗೆ ಕೈ ನೀಡುವಂತೆ ಮಾಡಿತು. ಅಂದಿನಿಂದ ಯಾವ ಧರ್ಮವನ್ನು ಓದಿದರೂ ನಾನು ಮೊದಲು ಹುಡುಕುವುದು ಈ ಬಾಗಿಲನ್ನೇ, ನೋಯಿಸಿದವನು ನೊಂದವನ ಮನೆಗೆ ಹೋಗಬೇಕಾದ ಬಾಗಿಲನ್ನು.

ಹುಡುಕಿದರೆ ಎಲ್ಲ ಕಡೆಯೂ ಇದೆ. ಯೆಹೂದ್ಯರ ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪುರ್ ದೇವರೆದುರಿನ ತಪ್ಪುಗಳನ್ನು ತೊಳೆಯುತ್ತದೆ, ನೆರೆಯವನಿಗೆ ಮಾಡಿದ್ದನ್ನು ಅವನನ್ನು ಸಮಾಧಾನಪಡಿಸುವ ತನಕ ತೊಳೆಯುವುದಿಲ್ಲ ಎಂದು ಅವರ ಹಳೆಯ ಧರ್ಮಶಾಸ್ತ್ರ ಗ್ರಂಥ ಮಿಶ್ನಾ ಹೇಳುತ್ತದೆ. ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು ಹೋಗು, ಮೊದಲು ನಿನ್ನ ಸಹೋದರನೊಡನೆ ರಾಜಿಯಾಗಿ ಬಾ ಎಂದು ಯೇಸು ಹೇಳಿದ ಮಾತು ಮತ್ತಾಯನ ಸುವಾರ್ತೆಯಲ್ಲಿದೆ. ಅದೇ ಚರ್ಚಿನ ಚರಿತ್ರೆಯಲ್ಲಿ ದುಡ್ಡು ತೆಗೆದುಕೊಂಡು ಪಾಪದ ಶಿಕ್ಷೆಯನ್ನು ಕಡಿಮೆ ಮಾಡುವ ಪತ್ರ ಹಂಚಿದ್ದೂ ಇದೆ. 1517ರಲ್ಲಿ ಮಾರ್ಟಿನ್ ಲೂಥರ್ ಎದ್ದು ನಿಂತದ್ದು ಅದರ ವಿರುದ್ಧ. ಜೈನರಲ್ಲಂತೂ ಕ್ಷಮಿಸುವ ದೇವರೇ ಇಲ್ಲ. ಕರ್ಮ ಧೂಳಿನಂತೆ ಜೀವಕ್ಕೆ ಅಂಟುವ ವಸ್ತು, ಒರೆಸಿಕೊಳ್ಳಬೇಕಾದವನು ನೀನೇ. ದಶಲಕ್ಷಣ ಪರ್ವ ಮುಗಿದ ಮೇಲೆ ಕ್ಷಮಾವಾಣಿಯ ದಿನ ಒಬ್ಬರನ್ನೊಬ್ಬರು ಕ್ಷಮೆ ಕೇಳುತ್ತಾರೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಇಂದಿಗೂ ಆ ದಿನ ತಪ್ಪದೆ ಫೋನ್ ಮಾಡುತ್ತಾರೆ. ಬೈಲುಕುಪ್ಪೆಯ ಕಡೆ ಹೋದಾಗ ಅಲ್ಲಿನ ಭಿಕ್ಷುಗಳನ್ನು ಭವಚಕ್ರದ ಬಗ್ಗೆ ಕೇಳಿ. ಟಿಬೆಟಿನ ಮಠಗಳ ಬಾಗಿಲ ಬಳಿ ಸಾಮಾನ್ಯವಾಗಿ ಬರೆಯುವ ಚಿತ್ರ. ಯಮ ಹಿಡಿದಿರುವ ದೊಡ್ಡ ಚಕ್ರದಲ್ಲಿ ನರಕವೂ ಸೇರಿ ಆರು ಲೋಕಗಳು. ನಟ್ಟನಡುವಿನ ಗುಂಬದಲ್ಲಿ ಒಂದರ ಬಾಲ ಇನ್ನೊಂದು ಕಚ್ಚಿದ ಹುಂಜ, ಹಾವು, ಹಂದಿ. ಆಸೆ, ದ್ವೇಷ, ಮೋಹ. ಇಡೀ ಚಕ್ರ ತಿರುಗುವುದು ಆ ಮೂರರಿಂದ.

ಕರ್ಮದ ಮಾತು ಬಂದಾಗ ಒಂದನ್ನು ಮುಚ್ಚಿಡಲಾರೆ. ಲೆಕ್ಕವನ್ನು ನನ್ನ ಮೇಲೆ ನಾನು ಇಟ್ಟುಕೊಂಡರೆ ಕರ್ಮ ನನ್ನನ್ನು ಎಚ್ಚರದಲ್ಲಿಡುತ್ತದೆ. ಅದೇ ಲೆಕ್ಕವನ್ನು ಪಕ್ಕದವನ ಮೇಲೆ ಹಾಕಿದರೆ ಅದರಷ್ಟು ಕ್ರೂರವಾದದ್ದು ಇನ್ನೊಂದಿಲ್ಲ. ಮಗು ಕಳೆದುಕೊಂಡ ತಾಯಿಗೆ, ಕುರುಡನಿಗೆ, ಕೆರೆಯ ನೀರು ಮುಟ್ಟಗೊಡದೆ ದೂರವಿಟ್ಟ ಜನರಿಗೆ "ಪೂರ್ವಜನ್ಮದ ಕರ್ಮ" ಎಂದು ಹೇಳಿ ನಾವು ಎಷ್ಟು ಕಾಲ ಕೈ ತೊಳೆದುಕೊಂಡೆವು! ಛಾಂದೋಗ್ಯದಂಥ ಉಪನಿಷತ್ತಿನಲ್ಲೇ ಕೆಟ್ಟ ನಡತೆಯವನು ನಾಯಿಯಾಗಿ, ಹಂದಿಯಾಗಿ ಅಥವಾ ಚಂಡಾಲನಾಗಿ ಹುಟ್ಟುತ್ತಾನೆ ಎಂಬ ಸಾಲಿದೆ. ಮನುಷ್ಯರನ್ನು ಆ ಸಾಲಿಗೆ ಸೇರಿಸಿದ್ದು ತಪ್ಪು. ಬಹಳ ದೊಡ್ಡ ತಪ್ಪು. ಬಸವಣ್ಣನವರು "ಆಚಾರವೇ ಸ್ವರ್ಗ, ಅನಾಚಾರವೇ ನರಕ" ಎಂದದ್ದು ಇಂಥ ಲೆಕ್ಕಪುಸ್ತಕವನ್ನೇ ಮುಚ್ಚಿಟ್ಟು. ಸತ್ಯ ನುಡಿದ ಕ್ಷಣವೇ ದೇವಲೋಕ, ಕಾಯಬೇಕಾಗಿಲ್ಲ. ನಿಮ್ಮ ತಮ್ಮ ನಿಂತಿರುವ ನೆಲ ಇದಕ್ಕೆ ಬಹಳ ಹತ್ತಿರದ್ದು; ಅವನನ್ನು ನಾಸ್ತಿಕ ಎಂದು ಮನೆಯಲ್ಲಿ ಯಾರಾದರೂ ಹಂಗಿಸುತ್ತಿದ್ದರೆ ಈ ಮಾತನ್ನು ಹೇಳಿ.

ಸ್ವರ್ಗವನ್ನು ಪೂರ್ತಿಯಾಗಿ ನಂಬಿಯೂ ಅದನ್ನು ಬಿಟ್ಟುಕೊಟ್ಟವರ ಕಥೆಗಳು ಇನ್ನೂ ಆಳವಾದವು. ನಿಮ್ಮ ತಾಲ್ಲೂಕಿನಲ್ಲೇ ಇರುವ ಮೇಲುಕೋಟೆಯಲ್ಲಿ ವರ್ಷಗಟ್ಟಲೆ ನೆಲೆಸಿದ್ದ ರಾಮಾನುಜರ ಬಗ್ಗೆ ಶ್ರೀವೈಷ್ಣವ ಪರಂಪರೆ ಹೇಳುವ ಕಥೆ ನಿಮಗೆ ಗೊತ್ತಿರಬಹುದು. ಮೋಕ್ಷ ಕೊಡುವ ಮಂತ್ರವನ್ನು ಉಪದೇಶಿಸಿದ ಗುರು, ಇದನ್ನು ಬೇರೆಯವರಿಗೆ ಹೇಳಿದರೆ ನಿನಗೆ ನರಕ ಎಂದರಂತೆ. ರಾಮಾನುಜರು ತಿರುಕ್ಕೋಟಿಯೂರಿನ ದೇವಾಲಯದ ಮೇಲೇರಿ ಎಲ್ಲರಿಗೂ ಕೇಳುವಂತೆ ಅದನ್ನು ಹೇಳಿದರು. ಇಷ್ಟು ಜನಕ್ಕೆ ಬಿಡುಗಡೆ ಸಿಗುವುದಾದರೆ ನಾನೊಬ್ಬ ನರಕಕ್ಕೆ ಹೋದರೇನು ಎಂದರು. ಮಹಾಭಾರತದ ಕೊನೆಯಲ್ಲಿ ಧರ್ಮರಾಯ ಮಾಡಿದ್ದೂ ಇದೇ. ಹಿಂಬಾಲಿಸಿ ಬಂದ ನಾಯಿಯನ್ನು ಬಿಟ್ಟು ಇಂದ್ರನ ರಥ ಹತ್ತಲಾರೆ ಎಂದ. ಆಮೇಲೆ ನರಕದಲ್ಲಿ ತಮ್ಮಂದಿರ ನರಳಾಟ ಕೇಳಿದಾಗ, ನಾನು ಇಲ್ಲೇ ಇರುತ್ತೇನೆ, ನೀನು ಹಿಂದಿರುಗು ಎಂದು ದೇವದೂತನನ್ನು ಕಳುಹಿಸಿಬಿಟ್ಟ. ಸೂಫಿ ಸಂತೆ ಬಸ್ರಾದ ರಾಬಿಯಾ ಒಂದು ಕೈಯಲ್ಲಿ ಪಂಜು, ಇನ್ನೊಂದರಲ್ಲಿ ನೀರು ಹಿಡಿದು ಹೊರಟಳಂತೆ, ಸ್ವರ್ಗಕ್ಕೆ ಬೆಂಕಿ ಇಡಲು, ನರಕದ ಬೆಂಕಿ ಆರಿಸಲು. ಒಂದು ಧರ್ಮ ತನ್ನ ಅತಿ ಎತ್ತರದ ವ್ಯಕ್ತಿಗಳ ಬಗ್ಗೆ ಇಂಥ ಕಥೆಗಳನ್ನೇ ಕಾಪಾಡಿಕೊಂಡು ಬಂದಿದೆ ಎನ್ನುವುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ.

ಈಗ ನಿಮ್ಮ ಅಜ್ಜಿ. ಡೈರಿಯಲ್ಲಿ ಡಿಗ್ರಿ ನೋಡುವ ಯಂತ್ರ ಬರುವ ಮೊದಲೂ ಅವರು ನೀರು ಹಾಕಿರಲಾರರು ಎಂದು ನನ್ನ ನಂಬಿಕೆ. "ಅಲ್ಲಿ ಹೋಗಿ ಏನು ಹೇಳಲಿ" ಎನ್ನುವ ಮಾತನ್ನು ಸ್ವಲ್ಪ ಕಿವಿಗೊಟ್ಟು ಕೇಳಿ. ಅದರಲ್ಲಿ ಎಣ್ಣೆಯ ಕೊಪ್ಪರಿಗೆಯ ಭಯ ಕಡಿಮೆ, ಮುಖ ತೋರಿಸಬೇಕಲ್ಲ ಎಂಬ ನಾಚಿಕೆ ಹೆಚ್ಚು. ಆ ಹಾಲು ಯಾವುದೋ ಊರಿನ ಯಾವುದೋ ಮಗುವಿನ ಲೋಟಕ್ಕೆ ಹೋಗುತ್ತದೆ. ಅಜ್ಜಿ ಆ ಮಗುವನ್ನು ನೋಡುವುದು ಅಲ್ಲಿಯೇ.

ದೊಡ್ಡಪ್ಪನವರನ್ನು ಕಪಟಿ ಎಂದು ನಾನು ಕರೆಯುವುದಿಲ್ಲ. ಪಶ್ಚಿಮವಾಹಿನಿಯಲ್ಲಿ ನನ್ನ ತಂದೆಯ ಕಾರ್ಯಕ್ಕೆ ನಾನೂ ಆ ಮೆಟ್ಟಿಲುಗಳ ಮೇಲೆ ಕುಳಿತಿದ್ದೇನೆ: ಬೆರಳಿಗೆ ದರ್ಭೆಯ ಪವಿತ್ರ, ಬಾಳೆಲೆಯ ಮೇಲೆ ಎಳ್ಳು ಕಲಸಿದ ಪಿಂಡ, ಪಶ್ಚಿಮಕ್ಕೆ ತಿರುಗಿ ಹರಿಯುವ ಕಾವೇರಿ. ತಂದೆತಾಯಿಗೆ, ತಾತಮುತ್ತಾತರಿಗೆ ನೀರು ಬಿಟ್ಟಾದ ಮೇಲೆ ಕೊನೆಗೆ ಒಂದು ತರ್ಪಣ ಇದೆ. ತಾಯಿ ಇಲ್ಲದ, ತಂದೆ ಇಲ್ಲದ, ಬಂಧು ಇಲ್ಲದ, ನೀರು ಬಿಡುವವರು ಯಾರೂ ಇಲ್ಲದ ಸತ್ತವರೆಲ್ಲರಿಗೂ ಈ ನೀರಿನಿಂದ ತೃಪ್ತಿಯಾಗಲಿ ಎಂದು ಹೇಳಿ ಬಿಡುವ ನೀರು. ಎಲ್ಲ ಕ್ರಿಯೆಗಿಂತ ನನ್ನನ್ನು ಅಲುಗಿಸುವುದು ಆ ಒಂದು ಬೊಗಸೆ. ನಿಮ್ಮ ದೊಡ್ಡಪ್ಪನೂ ಪ್ರತಿ ವರ್ಷ ಗುರುತಿಲ್ಲದ ಸತ್ತವರಿಗೆ ಆ ನೀರನ್ನು ಬಿಡುತ್ತಾರೆ. ಬದುಕಿರುವ ತಮ್ಮನ ಬದುವಿನ ಹತ್ತಿರ ಬಂದಾಗ ಅವರ ಕೈ ಬಿಗಿಯಾಗುತ್ತದೆ. ತೀರಿಸುವ ಜಾಗ ನದಿಯ ಮೆಟ್ಟಿಲು ಎಂದು ಅವರು ಕಲಿತಿದ್ದಾರೆ. ಜಮೀನಿಗೆ ಹೋಗಬೇಕು ಎಂದು ಅವರಿಗೆ ಯಾರೂ ಹೇಳಿಲ್ಲ.

ಶಾಸ್ತ್ರ ಹೇಳಿದೆ. ಮನುಸ್ಮೃತಿಯ ಎಷ್ಟೋ ವಿಧಿಗಳನ್ನು ನಾನು ಒಪ್ಪುವುದಿಲ್ಲ, ಆದರೆ ಅದರ ಹನ್ನೊಂದನೆಯ ಅಧ್ಯಾಯದಲ್ಲಿ ಕಳ್ಳತನದ ಪ್ರಾಯಶ್ಚಿತ್ತ ಹೇಳುವಾಗ "ತನ್ನಿರ್ಯಾತ್ಯ" ಎಂಬ ಪದವಿದೆ: ತೆಗೆದದ್ದನ್ನು ಮೊದಲು ಹಿಂದಿರುಗಿಸಿ, ಆಮೇಲೆ ವ್ರತ. ದೊಡ್ಡಪ್ಪ ಗೌರವಿಸುವ ಪುರೋಹಿತರ ಬಾಯಿಂದಲೇ ಈ ಮಾತು ಬರುವಂತೆ ಮಾಡಿ. ನಿಮ್ಮ ಬಾಯಿಂದ ಬಂದರೆ ಜಗಳವಾಗುತ್ತದೆ.

ಜೊತೆಗೆ, ಮುಂದಿನ ಮಹಾಲಯಕ್ಕೆ ಮೊದಲೇ ಅಪ್ಪನ ಹೆಸರಿನಲ್ಲಿ ಹದ್ದುಬಸ್ತಿಗೆ ಅರ್ಜಿ ಹಾಕಿಸಿ. ಅಳತೆಗೆ ಬರುವ ದಿನ ಅಜ್ಜಿಯನ್ನು ಕರೆದುಕೊಂಡು ಹೋಗಿ, ಬದುವಿನ ಮೇಲೆ ನೆರಳಿರುವ ಕಡೆ ಒಂದು ಕುರ್ಚಿ ಹಾಕಿ ಕೂರಿಸಿ. ದೊಡ್ಡಪ್ಪನೂ ಅವರ ಮಗನೇ ಅಲ್ಲವೇ. ಅಜ್ಜಿ ಏನೂ ಮಾತಾಡಬೇಕಾಗಿಲ್ಲ, ಬಾಂದುಕಲ್ಲು ನೆಡುವ ತನಕ ಅಲ್ಲಿ ಕುಳಿತಿದ್ದರೆ ಸಾಕು.